ಇವತ್ತು ಬೆಂಕಿ ಯಾರ ಮನೆಯಲ್ಲಿ

ಬಡವರ ಬದುಕು ಸುಧಾರಿಸುವುದಕ್ಕೆಂದೇ ನನಗೆ ಸಂಬಳ ಕೊಡುತ್ತಿದ್ದರು. ನನ್ನಿಂದ ಸುಧಾರಿಸಿದವರು ಒಬ್ಬರೂ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಸಂಬಳ ಮಾತ್ರ ತಪ್ಪದೆ ಬರುತ್ತಿತ್ತು. ನಮ್ಮ ಕಂಪನಿ ಕಡಿಮೆ ಆದಾಯದವರಿಗಾಗಿ ಹೊಸ ಹೊಸ ಸಾಮಾನು ಕಂಡುಹಿಡಿದು, ಮೊದಲು ಯಾವುದಾದರೂ ಸಣ್ಣ ಊರಿನಲ್ಲಿ ಪ್ರಯೋಗ ಮಾಡಿ ನೋಡಿ, ಆಮೇಲೆ ಲೋಕಕ್ಕೆಲ್ಲ ಮಾರಬೇಕೆಂದುಕೊಂಡಿತ್ತು. ಆ ಪ್ರಯೋಗ ಮಾಡುವವನು ನಾನು. ಕಾಲಿನಿಂದ ತುಳಿದು ಬಟ್ಟೆ ಒಗೆಯುವ ಡಬ್ಬಿಯೊಂದನ್ನು ಒಂದು ಊರಿಗೆ ಒಯ್ದಿದ್ದೆ. ಅಲ್ಲಿನ ಹೆಂಗಸರು ಅದರಲ್ಲಿ ಈರುಳ್ಳಿ ತುಂಬಿಟ್ಟು, ಗಾಳಿ ಚೆನ್ನಾಗಿ ಆಡುತ್ತದೆ ಎಂದು ಹೊಗಳಿದರು. ಬಿಸಿಲಿನಿಂದ ದೀಪ ಹತ್ತುವ ಟೊಪ್ಪಿಗೆಯನ್ನು ಇನ್ನೊಂದು ಊರಿಗೆ ಒಯ್ದಿದ್ದೆ. ಅದು ಹಗಲೆಲ್ಲ ಉರಿದು ಕತ್ತಲಾಗುತ್ತಲೇ ಆರಿಹೋಗುತ್ತಿತ್ತು. ಎರಡು ಸಲವೂ ವಾಪಸು ಬಂದು 'ಜನರಿಂದ ನಾವು ಕಲಿತದ್ದು' ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದೆ. ಸೋಲುವುದರಲ್ಲಿ ನನಗೆ ಕಂಪನಿಯಲ್ಲಿ ಒಳ್ಳೆಯ ಹೆಸರಿತ್ತು.

ಮೂರನೆಯ ಸಾಮಾನು ಒಲೆ. ಹೆಸರು ಗೃಹಾಗ್ನಿ. ಹೊರಗೆ ತಗಡು, ಒಳಗೆ ಸುಟ್ಟ ಮಣ್ಣು, ಮುಂದೆ ಚಿಲಕವಿರುವ ಪುಟ್ಟ ಬಾಗಿಲು. ಒಳಗೆ ಕೆಂಡ ಹಾಕಿ ಚಿಲಕ ಸರಿಸಿದರೆ ಮರುದಿನದವರೆಗೆ ಆರುವುದಿಲ್ಲ, ಹೊಗೆಯೂ ಇಲ್ಲ. ಮೇಲೆ ಒಂದೇ ಪಾತ್ರೆ ಕೂರುತ್ತದೆ, ಏಕೆಂದರೆ ಬಡವರ ಮನೆಯೆಂದರೆ ಗಂಡ, ಹೆಂಡತಿ, ಎರಡು ಮಕ್ಕಳು ಎಂದು ನಮ್ಮ ಸಮೀಕ್ಷೆ ಹೇಳಿತ್ತು. ಅಂಥ ಮನೆಯನ್ನು ನಾನು ಎಷ್ಟೋ ಊರುಗಳಲ್ಲಿ ಹುಡುಕಿದ್ದೇನೆ, ಸಿಕ್ಕಿಲ್ಲ. ನಮ್ಮ ಮುಖ್ಯಸ್ಥೆ ಮೃದುಲಾ ಮೇಡಂ ಇದಕ್ಕೊಂದು ಘೋಷಣೆಯನ್ನೂ ಬರೆದಿದ್ದರು: ಪ್ರತಿ ಮನೆಗೂ ತನ್ನದೇ ಬೆಂಕಿ. ಊರನ್ನು ಆರಿಸಿದ್ದು ಮಾತ್ರ ನಾನು. ನಕ್ಷೆಯಲ್ಲಿ ಇಲ್ಲದ ಊರಾದ್ದರಿಂದ ಬೇರೆ ಕಂಪನಿಯವರು ಅಲ್ಲಿಗೆ ಕಾಲಿಟ್ಟಿರಲಾರರು ಎಂಬುದು ನನ್ನ ಜಾಣತನ. ಬಸ್ಸಿನವನು ಕೊನೆಯ ನಿಲ್ದಾಣವೂ ದಾಟಿದ ಮೇಲೆ ಇನ್ನಷ್ಟು ದೂರ ಓಡಿಸಿ, ಒಂದು ಹುಣಸೆಮರದ ಕೆಳಗೆ ನನ್ನನ್ನೂ ಒಲೆಗಳನ್ನೂ ಇಳಿಸಿ ಹೋದ.

ಆ ಊರಿನಲ್ಲಿ ಓಣಿಗೊಂದು ಬೆಂಕಿ. ಇವತ್ತು ಒಂದು ಮನೆಯ ಒಲೆಯಲ್ಲಿದ್ದರೆ ನಾಳೆ ಬೆಳಗಾಗುವಷ್ಟರಲ್ಲಿ ಪಕ್ಕದ ಮನೆಯ ಒಲೆಗೆ ಹೋಗಿರುತ್ತದೆ, ನಾಡಿದ್ದು ಅದರ ಪಕ್ಕದ್ದಕ್ಕೆ. ಉಳಿದ ಮನೆಗಳಲ್ಲಿ ಎಷ್ಟು ಕಡ್ಡಿ ಗೀರಿದರೂ ಹತ್ತದು. ಗ್ಯಾಸು, ಕರೆಂಟು ಯಾವುದೂ ನೀರನ್ನು ಉಗುರುಬೆಚ್ಚಗೂ ಮಾಡದು. ನನಗೆ ಇದು ಗೊತ್ತಾದದ್ದು ಬಂದ ದಿನವೇ. ಫಕೀರವ್ವ ಎಂಬ ಹಿರಿಯ ಹೆಂಗಸಿನ ಮನೆಗೆ ಅಂಟಿಕೊಂಡಿದ್ದ, ಬೇರೆ ಬಾಗಿಲಿನ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಚಹಾ ಮಾಡಿಕೊಳ್ಳೋಣವೆಂದು ಗೃಹಾಗ್ನಿಯ ಮುಂದೆ ಕೂತು ಇಡೀ ಕಡ್ಡಿಪೆಟ್ಟಿಗೆ ಖಾಲಿ ಮಾಡಿದೆ. ಫಕೀರವ್ವ ಬಾಗಿಲಲ್ಲಿ ನಿಂತು, ಪಾಪ, ಮುಗಿಯುವವರೆಗೂ ನೋಡಿದಳು. ಆಮೇಲೆ, "ಇವತ್ತ ಬೆಂಕಿ ಕಂಬಾರ ಮನ್ಯಾಗೈತ್ರಿ ಸಾಹೇಬ್ರ. ಚಾ ಬೇಕಂದ್ರ ಬೋಗಾಣಿ ತಗೊಂಡು ನಡ್ರಿ," ಎಂದಳು.

ಇದನ್ನು ಯಾರೂ ವಿಚಿತ್ರವೆಂದು ಎಣಿಸಿರಲಿಲ್ಲ. ಸೋಮವಾರದ ಮರುದಿನ ಮಂಗಳವಾರ ಬಂದರೆ ಯಾರು ಬೆರಗಾಗುತ್ತಾರೆ? ಬೆಳಗ್ಗೆ ಎದುರಾದವರು 'ಇವತ್ತು ಬೆಂಕಿ ಯಾರ ಮನೆಯಲ್ಲಿ' ಎಂದು ಕೇಳುತ್ತಿದ್ದರು, ಉತ್ತರ ಗೊತ್ತಿದ್ದೇ ಕೇಳುತ್ತಿದ್ದರು, ನಾವು 'ಊಟ ಆಯಿತಾ' ಎನ್ನುವ ಹಾಗೆ. ಹೆಂಗಸರು ಗಡಿಗೆ, ಹಿಟ್ಟು, ಒಂದೆರಡು ಕಟ್ಟಿಗೆ ತುಂಡು ಹಿಡಿದು ಆ ಮನೆಗೆ ನಡೆಯುತ್ತಿದ್ದರು. ಬೀಡಿ ಸೇದುವ ಮುದುಕರು ಅದೇ ಮನೆಯ ಕಟ್ಟೆ ಹಿಡಿಯುತ್ತಿದ್ದರು. ಎಲ್ಲ ಮನೆಗಳಲ್ಲೂ ಅಡುಗೆಮನೆಯೇ ಎಲ್ಲಕ್ಕಿಂತ ದೊಡ್ಡ ಕೋಣೆ, ಅದೂ ಬೀದಿಗೆ ತೆರೆದಂತೆ ಮುಂದುಗಡೆ. ಅಲ್ಲಿ ಗೋಡೆಯ ಉದ್ದಕ್ಕೂ ಹಲವು ಬಾಯಿಗಳ ಸಾಲೊಲೆ. ಹೆಣ್ಣು ಕೊಡುವವರು ಗಂಡಿನ ಕಡೆಯವರನ್ನು ಹೊಲ ಎಷ್ಟಿದೆ ಎಂದು ಕೇಳುವ ಮೊದಲು ಒಲೆಗೆ ಬಾಯಿ ಎಷ್ಟು ಎಂದು ಕೇಳುತ್ತಿದ್ದರು. ಯಾರ ಮನೆಯಲ್ಲಿ ಏನು ಬೇಯುತ್ತಿದೆ, ಯಾರ ಮನೆಯಲ್ಲಿ ಏನೂ ಬೇಯುತ್ತಿಲ್ಲ ಎಂಬುದು ಇಡೀ ಓಣಿಗೆ ಗೊತ್ತು. ಖಾಲಿ ಗಡಿಗೆ ಹಿಡಿದು ಬಂದವಳ ಗಡಿಗೆಗೆ ಆಚೀಚೆಯವರು ಮಾತಾಡುತ್ತಲೇ ಒಂದೊಂದು ಮುಷ್ಟಿ ಸುರಿದುಬಿಡುತ್ತಿದ್ದರು, ಅವಳೂ ಅದನ್ನು ನೋಡದವಳಂತೆ ಮಾತು ಮುಂದುವರಿಸುತ್ತಿದ್ದಳು.

ಇನ್ನೊಂದು ಪದ್ಧತಿಯಿತ್ತು, ಉಪ್ಪಿನದು. ಅಲ್ಲಿ ಯಾರೂ ತಮ್ಮ ಗಡಿಗೆಗೆ ತಾವೇ ಉಪ್ಪು ಹಾಕುವಂತಿಲ್ಲ. ಬೆಂಕಿ ಯಾರ ಮನೆಯಲ್ಲಿದೆಯೋ ಆ ಮನೆಯವಳು ತನ್ನ ಉಪ್ಪನ್ನು ತನ್ನ ಕೈಯಿಂದ ಎಲ್ಲರ ಗಡಿಗೆಗೂ ಹಾಕಬೇಕು. ರುಚಿ ನೋಡುವಂತಿಲ್ಲ, ಕೈಯಳತೆಯೇ ಅಳತೆ. ಅದಕ್ಕೇ ಆ ಓಣಿಯಲ್ಲಿ ಊಟ ದಿನಕ್ಕೊಂದು ರುಚಿ. ಕಂಬಾರರ ಮನೆಯ ದಿನ ಎಲ್ಲರಿಗೂ ಬಾಯಾರಿಕೆ, ಕುಲಕರ್ಣಿಯವರ ಮನೆಯ ದಿನ ಎಲ್ಲವೂ ಸಪ್ಪೆ. ಯಾರೂ ದೂರುತ್ತಿರಲಿಲ್ಲ. ಫಕೀರವ್ವನ ಕೈಯಳತೆ ಮಾತ್ರ ಎಂದೂ ತಪ್ಪುವುದಿಲ್ಲ ಎಂದು ಓಣಿಯೆಲ್ಲ ಹೇಳುತ್ತಿತ್ತು. ಕಳೆದ ಸರದಿಯಲ್ಲಿ ಅದು ತಪ್ಪಿತ್ತು. ಜಗಳ ಹುಟ್ಟಿದ್ದೇ ಅಲ್ಲಿ.

ಫಕೀರವ್ವನ ಮನೆಗೂ ನೀಲಗಂಗವ್ವನ ಮನೆಗೂ ನಡುವೆ ಒಂದೇ ಗೋಡೆ. ನೀಲಗಂಗವ್ವನ ಮಗಳು ರೇಣವ್ವ ಚೊಚ್ಚಲ ಬಸುರಿ. ಬೀಗರು ಅವಳನ್ನು ತವರಿಗೆ ಬಿಟ್ಟುಹೋಗಲು ಬಂದ ದಿನ ಬೆಂಕಿ ಫಕೀರವ್ವನ ಮನೆಯಲ್ಲಿತ್ತು. ನೀಲಗಂಗವ್ವ ಬೇಳೆಸಾರಿನ ಗಡಿಗೆ ಅಲ್ಲಿಟ್ಟಳು, ಫಕೀರವ್ವ ಉಪ್ಪು ಹಾಕಿದಳು. ಆ ಸಾರನ್ನು ಬಾಯಿಗಿಟ್ಟ ಬೀಗರು ತಟ್ಟೆ ಸರಿಸಿ ಕೈ ತೊಳೆದರು. ಬೇಕಂತಲೇ ಹಾಕಿದ್ದಾಳೆ, ಮಕ್ಕಳಿಲ್ಲದವಳ ಹೊಟ್ಟೆಕಿಚ್ಚು ಎಂದು ನೀಲಗಂಗವ್ವ ಓಣಿಯಲ್ಲಿ ನಿಂತು ಕೂಗಿದಳು. ಫಕೀರವ್ವ ಒಂದು ಮಾತೂ ಆಡಲಿಲ್ಲವಂತೆ. ಅಂದಿನಿಂದ ಇಬ್ಬರೂ ಯಾರ ಮನೆಯ ಸಾಲೊಲೆಯಾದರೂ ಅದರ ಈ ತುದಿಗೊಬ್ಬಳು ಆ ತುದಿಗೊಬ್ಬಳು. ಆ ಊರಿನಲ್ಲಿ ಜಗಳಕ್ಕೊಂದು ವಾಯಿದೆಯಿತ್ತು. ಬೆಂಕಿ ಸುತ್ತಿ ಸುತ್ತಿ ಎದುರಾಳಿಯ ಮನೆಗೆ ಬಂದಾಗ ಗಡಿಗೆ ಹಿಡಿದು ಅವಳ ಹೊಸ್ತಿಲು ತುಳಿಯಲೇಬೇಕು, ಇಲ್ಲದಿದ್ದರೆ ಉಪವಾಸ. ಹೊಸ್ತಿಲು ತುಳಿದರೆ ಉಪ್ಪು ಹಾಕಿಸಿಕೊಳ್ಳಬೇಕು. ಉಪ್ಪು ಹಾಕಿಸಿಕೊಂಡ ಮೇಲೆ ಜಗಳ ಎಲ್ಲಿಂದ ಬಂತು?

ಇಂಥ ಊರಿಗೆ ನಾನು 'ಪ್ರತಿ ಮನೆಗೂ ತನ್ನದೇ ಬೆಂಕಿ' ಎಂಬ ಬ್ಯಾನರ್ ಕಟ್ಟಿದೆ. ಓಣಿಯವರು ನನ್ನ ಕೋಣೆಗೆ ಬಂದು ಕೂತು, ನಾನು ಹೇಳಿದ್ದನ್ನೆಲ್ಲ ಗೌರವದಿಂದ ಕೇಳಿದರು. ಒಬ್ಬಾಕೆ ಗೃಹಾಗ್ನಿಯನ್ನು ಸವರಿ, ಇದಕ್ಕೆ ಒಂದೇ ಬಾಯಲ್ಲವೇ ಎಂದು, ಹುಟ್ಟಿನಿಂದಲೇ ಏನೋ ಊನವಾದ ಕೂಸನ್ನು ನೋಡುವಂತೆ ನೋಡಿದಳು. ಕೋಳಿ ಮೊಟ್ಟೆ ಇಡಲು ಬರುತ್ತದೆಯೇ ಎಂದು ಇನ್ನೊಬ್ಬಳು ವಿಚಾರಿಸಿದಳು. ಕಟ್ಟೆಯ ಮುದುಕನೊಬ್ಬ ಬಹಳ ಹೊತ್ತು ಯೋಚಿಸಿ, ಮನೆಮನೆಗೂ ಬೆಂಕಿಯಾದರೆ ಚಹಾ ಕುಡಿಯುವಾಗ ಯಾರ ಜೊತೆ ಮಾತಾಡುವುದು ಎಂದು ಕೇಳಿದ. ಜನರಲ್ಲಿ ತಿಳಿವಳಿಕೆ ಕಡಿಮೆ ಎಂದು ಮೇಡಂಗೆ ಫೋನಿನಲ್ಲಿ ಹೇಳಿದೆ. ತಿಳಿವಳಿಕೆ ಯಾರದು ಎಂದು ಅವರು ಕೇಳಲಿಲ್ಲ.

ಎಲ್ಲರೂ ಎದ್ದುಹೋದ ಮೇಲೆ ನೀಲಗಂಗವ್ವ ಉಳಿದಳು. ಗಟ್ಟಿ ಆಳು, ಮಾತೂ ಗಟ್ಟಿ. ಚಿಲಕವನ್ನು ಹಿಂದೆ ಮುಂದೆ ಸರಿಸಿ ನೋಡಿ, ಇದರೊಳಗೆ ಹಾಕಿದ ಬೆಂಕಿ ಎಲ್ಲಿಯೂ ಹೋಗುವುದಿಲ್ಲವೇ ಎಂದು ಕೇಳಿದಳು. ನೀವಾಗಿ ತೆಗೆಯುವವರೆಗೆ ಹೋಗುವುದಿಲ್ಲ ಎಂದೆ. ಪಕ್ಕದ ಮನೆಗೂ ಹೋಗುವುದಿಲ್ಲವೇ ಎಂದಳು. ಕಂಪನಿಯ ಖಾತರಿ ಎಂದೆ.

"ಹಂಗಾರ ನನಗ ಒಂದ ಕೊಡ್ರಿ," ಎಂದಳು ನೀಲಗಂಗವ್ವ. "ಮಗಳ ಬಾಣಂತನ ಐತಿ. ಆಕಿ ಹೊಸ್ತಲಾ ತುಳಿಯಂಗಿಲ್ಲ ನಾನು."

ಆಕಿ ಯಾರೆಂದು ನನಗೆ ಗೊತ್ತಿತ್ತು. ಆಕೆ ಬಾಡಿಗೆಗೆ ಕೊಟ್ಟ ಕೋಣೆಯಲ್ಲೇ ನಿಂತು ನಾನು ಈ ವ್ಯಾಪಾರ ಮಾಡುತ್ತಿದ್ದೆ. ಎದೆಯಲ್ಲಿ ಒಂದು ಸಣ್ಣ ಮುಳ್ಳು ಆಡಿತು ನಿಜ, ಆದರೆ ಮೊದಲ ಗಿರಾಕಿ ಸಿಕ್ಕ ಸಂತೋಷದ ಮುಂದೆ ಅದು ಎಷ್ಟರದು. ಮನುಷ್ಯರ ಹಟಕ್ಕೆ ದೊಡ್ಡ ಮಾರುಕಟ್ಟೆಯಿದೆ ಎಂದು ಕಂಡುಹಿಡಿದ ಮೊದಲಿಗ ನಾನೇ ಎಂಬ ಹೆಮ್ಮೆಯಿಂದ ಒಲೆಯನ್ನು ನಾನೇ ಹೊತ್ತು ಅವಳ ಮನೆಗೆ ಇಟ್ಟುಬಂದೆ.

ರೇಣವ್ವ ಹೆತ್ತು, ಹೆಣ್ಣುಕೂಸಿನೊಂದಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಬೆಂಕಿ ನೀಲಗಂಗವ್ವನ ಸಾಲೊಲೆಗೆ ಬಂತು. ಅವಳು ಬೆಳಗ್ಗೆಯೇ ಕೆಂಡವನ್ನೆಲ್ಲ ಬಾಚಿ ಗೃಹಾಗ್ನಿಗೆ ತುಂಬಿದಳು. ಸಾಲೊಲೆ ತಣ್ಣಗಾಯಿತು. ಹೊತ್ತೇರುತ್ತಲೇ ಓಣಿಯವರೆಲ್ಲ ಗಡಿಗೆ ಹಿಡಿದು ಬಂದರು, ಒಂದು ಬಾಯಿಯ ಒಲೆಯ ಮುಂದೆ ಸಾಲು ಹಚ್ಚಿ ಕೂತರು. ಫಕೀರವ್ವನೂ ಬಂದಳು. ಗಡಿಗೆಯನ್ನು ಸೊಂಟದ ಮೇಲಿಟ್ಟು ಹೊಸ್ತಿಲ ಹೊರಗೆ ನಿಂತಳು. ಬಾ ಎಂದು ಯಾರಾದರೂ ಹೇಳಲಿ ಎಂದು ನಾನು ಕಾದೆ. ನೀಲಗಂಗವ್ವ ತಲೆ ಎತ್ತಲಿಲ್ಲ. ಫಕೀರವ್ವ ಸ್ವಲ್ಪ ಹೊತ್ತು ನಿಂತು, ಒಳಗಿನಿಂದ ಬರುತ್ತಿದ್ದ ಕೂಸಿನ ಅಳು ಕೇಳಿ, ಗಡಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಹೊರಟುಹೋದಳು.

ಸಂಜೆ ನೀಲಗಂಗವ್ವ ಚಿಲಕ ಹಾಕಿದಳು. ಮರುದಿನ ಬೆಂಕಿ ಅಲ್ಲೇ ಇತ್ತು. ಅದರ ಮರುದಿನವೂ ಅಲ್ಲೇ. ನನ್ನ ಜೀವಮಾನದಲ್ಲಿ ನಾನು ಒಯ್ದ ಸಾಮಾನೊಂದು ಹೇಳಿದ ಕೆಲಸ ಮಾಡಿದ್ದು ಅದೇ ಮೊದಲು. ಕೂಡಲೇ ಫೋನಿನಲ್ಲಿ ಮೇಡಂಗೆ ಸುದ್ದಿ ಹೇಳಿದೆ. ಒಂದು ಒಲೆಯನ್ನು ಇಡೀ ಓಣಿ ಬಳಸುತ್ತಿದೆಯೇ ಎಂದು ಅವರು ಮತ್ತೆ ಮತ್ತೆ ಕೇಳಿದರು. ಹೌದು ಎಂದೆ, ಅದು ಸುಳ್ಳೇನೂ ಅಲ್ಲ. ಇಂಥ ಬೇಡಿಕೆಯನ್ನು ತಾವು ಎಲ್ಲಿಯೂ ಕಂಡಿಲ್ಲವೆಂದೂ, ಕಣ್ಣಾರೆ ನೋಡಲು ತಾವೇ ಬರುವುದಾಗಿಯೂ ಹೇಳಿದರು.

ಆದರೆ ಓಣಿ ಕೆಟ್ಟುಹೋಗಿತ್ತು. ಬೆಳಗಿನ ಚಹಾ ಮುದುಕರಿಗೆ ಸಿಗುವಾಗ ಮಧ್ಯಾಹ್ನವಾಗುತ್ತಿತ್ತು. ಕೊನೆಯ ಗಡಿಗೆ ಇಳಿಯುವಾಗ ಮಕ್ಕಳು ಅತ್ತು ಮಲಗಿರುತ್ತಿದ್ದರು. ಫಕೀರವ್ವನ ಹೊಸ್ತಿಲು ತುಳಿಯಬಾರದೆಂದು ಹಟ ಹಿಡಿದ ನೀಲಗಂಗವ್ವನ ಹೊಸ್ತಿಲನ್ನು ಎಲ್ಲರೂ ದಿನವಿಡೀ ತುಳಿಯುತ್ತಿದ್ದರು. ಬಾಣಂತಿಗೆ ಕಣ್ಣು ಮುಚ್ಚಲು ಜಾಗವಿಲ್ಲ, ಸಮಯವಿಲ್ಲ. ಮೊದಲು ಸಂಭ್ರಮದಿಂದ ಎಲ್ಲರಿಗೂ ಉಪ್ಪು ಹಾಕಿದವಳು ಆಮೇಲಾಮೇಲೆ ಭಿಕ್ಷೆ ಹಾಕುವವಳಂತೆ ಹಾಕತೊಡಗಿದಳು. ಓಣಿಯ ಯಾರೊಬ್ಬರೂ ಅವಳನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ನಾನು ಬಂದರೆ ಸರಿದು ಜಾಗ ಕೊಡುತ್ತಿದ್ದರು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಇವೆಲ್ಲಕ್ಕಿಂತ ದೊಡ್ಡದು ಕೂಸಿನ ನೀರು. ಆ ಓಣಿಯಲ್ಲಿ ಹುಟ್ಟಿದ ಎಲ್ಲ ಕೂಸುಗಳಿಗೂ ನೀರೆರೆದವಳು ಫಕೀರವ್ವ. ರೇಣವ್ವನಿಗೂ ಅವಳೇ ಎರೆದು, ಕಾಲ ಮೇಲೆ ಮಲಗಿಸಿ ಎಣ್ಣೆ ತೀಡಿ ದೊಡ್ಡವಳನ್ನಾಗಿ ಮಾಡಿದ್ದಳು. ಬೇರೆ ಯಾರಿಗೂ ಆ ಕೆಲಸದ ರೂಢಿಯಿಲ್ಲ, ಬೇಕಾಗಿಯೂ ಇರಲಿಲ್ಲ. ನೀಲಗಂಗವ್ವನ ಮನೆಯಲ್ಲಿ ಈಗ ಬೆಂಕಿಯಿತ್ತು, ಹಂಡೆ ತುಂಬ ಬಿಸಿನೀರಿತ್ತು, ಎರೆಯುವ ಕೈ ಇರಲಿಲ್ಲ. ಅವಳೇ ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡರೆ ಅದು ಕಾಲ ಮೇಲಿಂದ ಜಾರುತ್ತಿತ್ತು. ಒಮ್ಮೆ ನೀರು ಹೆಚ್ಚು ಬಿಸಿ, ಒಮ್ಮೆ ತಣ್ಣಗೆ. ಕೂಸು ನೀಲಿಗಟ್ಟುವಂತೆ ಅಳುತ್ತಿತ್ತು. ರೇಣವ್ವ ಮೂಲೆಯಲ್ಲಿ ಕೂತು, ಅವ್ವಾ ಸಾಕು ಬಿಡು ಎಂದು ತಾನೂ ಅಳುತ್ತಿದ್ದಳು. ಕೂಸಿಗೆ ನೆಗಡಿ ಹಿಡಿಯಿತು, ಮೊಲೆ ಚೀಪುವುದು ಕಡಿಮೆಯಾಯಿತು. ಆ ಅಳು ನಡುಗೋಡೆ ದಾಟಿ ಫಕೀರವ್ವನ ಮನೆಗೂ ನನ್ನ ಕೋಣೆಗೂ ಒಂದೇ ಸಮ ಕೇಳುತ್ತಿತ್ತು.

ಫಕೀರವ್ವ ಆ ದಿನಗಳಲ್ಲಿ ಬಿಸಿಯಾದದ್ದೇನನ್ನೂ ತಿಂದಿರಲಿಲ್ಲ. ನೆನೆಸಿದ ಅವಲಕ್ಕಿ, ಸೌತೆಕಾಯಿ, ಮಜ್ಜಿಗೆ. ನಾನೋ ನೀಲಗಂಗವ್ವನ ಮನೆಯಲ್ಲಿ ರೊಟ್ಟಿ ಪಲ್ಯ ಉಂಡು, ಕೈ ಒರೆಸಿಕೊಳ್ಳುತ್ತ ಅವಳ ಕಟ್ಟೆಯ ಮುಂದೆಯೇ ಹಾದು ಬರಬೇಕಿತ್ತು. ಬೇರೆ ದಾರಿಯಿದ್ದರೆ ಅದನ್ನೇ ಹಿಡಿಯುತ್ತಿದ್ದೆ. ಒಂದು ಮಧ್ಯಾಹ್ನ ಅವಳೇ ಕರೆದು, ಉಂಡಿರೇನು ಎಂದು ಕೇಳಿ, ಆದರೂ ಇರಲಿ ಎಂದು ಒಂದು ಬಟ್ಟಲು ಅವಲಕ್ಕಿ ಮುಂದಿಟ್ಟಳು. ನಾಚಿಕೆಯಿಂದ ನನಗೆ ಅದು ಇಳಿಯಲಿಲ್ಲ. ನೀವಾದರೂ ಹೋಗಿಬಿಡಿ, ಕೂಸು ಅಳುತ್ತಿದೆಯಲ್ಲ ಎಂದೆ. ಎಷ್ಟು ಧೈರ್ಯ ನೋಡಿ ನನ್ನದು.

ಅವಳು ಒಳಗಿನಿಂದ ಒಂದು ಕುಡಿಕೆ ತಂದು ತೋರಿಸಿದಳು. ಅದರಲ್ಲಿ ಹಿಟ್ಟಿನಷ್ಟು ನುಣ್ಣಗೆ ಕುಟ್ಟಿದ ಉಪ್ಪು. "ಹೋಗಿದ್ನೆಲ್ರಿ, ನೀವ ನೋಡೀರಿ. ಒಳಗ ಕರೀಲಿಲ್ಲ ಆಕಿ," ಎಂದಳು. "ಆಕಿ ಮರುದಿನ ನನ್ನ ಮನಿಗೆ ಬರತಾಳಂತ ಹರಳುಪ್ಪು ಕುಟ್ಟಿ ಇಟ್ಟಿದ್ದೆ. ಬೆಂಕಿನ ಬರಲಿಲ್ಲ."

ಬೆಂಕಿ ಏಕೆ ಬರಲಿಲ್ಲವೆಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಕಾರಣ ಅವಳ ಮುಂದೆಯೇ ಕೂತು ಅವಲಕ್ಕಿ ಮೆಲ್ಲುತ್ತಿತ್ತು. ಆ ಕ್ಷಣದಲ್ಲೇ ಎದ್ದು ಹೋಗಿ ಚಿಲಕ ತೆಗೆದಿದ್ದರೆ ಈ ಕಥೆಯಲ್ಲಿ ನನಗೂ ಸ್ವಲ್ಪ ಮರ್ಯಾದೆ ಇರುತ್ತಿತ್ತು. ನಾನು ಬಟ್ಟಲು ತೊಳೆದಿಟ್ಟು, ಮೇಡಂ ಯಾವ ಬಸ್ಸಿಗೆ ಬರುತ್ತಾರೆಂದು ಕೇಳಲು ಫೋನ್ ಹಿಡಿದು ಹುಣಸೆಮರದ ಕಡೆಗೆ ಹೋದೆ.

ಮರುದಿನ ಬೆಳಗ್ಗೆ ನೀಲಗಂಗವ್ವ ನನ್ನನ್ನು ಕರೆಸಿದಳು. ಆಗಲೇ ಜನ ಸಾಲು ಹಚ್ಚಿ ಕೂತಿದ್ದರು. ಅವಳ ತೊಡೆಯ ಮೇಲೆ ಕೂಸು, ಎಣ್ಣೆ ಹಚ್ಚಿದ್ದು ಹಚ್ಚಿದಂತೆಯೇ ಇತ್ತು. ಅತ್ತು ಅತ್ತು ಅದರ ಗಂಟಲಿನಿಂದ ಈಗ ದನಿಯೇ ಹೊರಡುತ್ತಿರಲಿಲ್ಲ, ಬಾಯಿ ಮಾತ್ರ ತೆರೆಯುತ್ತಿತ್ತು. ಈ ಚಿಲಕ ತೆಗೆದಿಟ್ಟರೆ ಬೆಂಕಿ ಮೊದಲಿನ ಹಾಗೆ ಮುಂದಕ್ಕೆ ಹೋಗುತ್ತದೆಯೇ ಎಂದು ಕೇಳಿದಳು. ಹೋಗಬಹುದು ಎಂದೆ. ಎಂದವನು ಸುಮ್ಮನಿರಬೇಕಿತ್ತು. ನಮ್ಮ ಮೇಡಂ ನಾಡಿದ್ದು ಬರುತ್ತಾರೆ, ಅಲ್ಲಿಯವರೆಗೆ ಸ್ವಲ್ಪ ತಡೆದುಕೊಳ್ಳಿ ಅಮ್ಮ ಎಂದು, ಇಷ್ಟು ಜನರೆದುರು, ಕೈ ಮುಗಿದು ಬೇಡಿಕೊಂಡೆ.

"ಕೂಸಿಗೆ ಹೇಳ್ರಿ, ತಡಕೋ ಅಂತ," ಎಂದಳು ನೀಲಗಂಗವ್ವ.

ಅವಳು ಎಡಗೈಯಲ್ಲಿ ಕೂಸನ್ನು ಹಿಡಿದು ಬಲಗೈಯಿಂದ ಚಿಲಕ ತೆಗೆದು, ಪುಟ್ಟ ಬಾಗಿಲನ್ನು ಪೂರ್ತಿ ತೆರೆದಿಟ್ಟಳು. ಸಾಲಿನಲ್ಲಿದ್ದ ಹೆಂಗಸರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮಾರನೆಯ ಬೆಳಗ್ಗೆ ಫಕೀರವ್ವನ ಸಾಲೊಲೆಯ ಬೂದಿಯಲ್ಲಿ ಕೆಂಡ ಮಿನುಗುತ್ತಿತ್ತು. ಓಣಿಯವರು ಬಂದು ತಮ್ಮ ತಮ್ಮ ಬಾಯಿ ಹಿಡಿದು ಕೂತರು, ಬಾಗಿಲ ಬಳಿಯ ಒಂದು ಬಾಯಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹೊತ್ತು ಸ್ವಲ್ಪ ಏರಿದ ಮೇಲೆ ನೀಲಗಂಗವ್ವ ಬಂದಳು. ಸೊಂಟದ ಮೇಲೆ ಬೇಳೆಯ ಗಡಿಗೆ, ಹಿಂದೆ ತಲೆಗೆ ಬಟ್ಟೆ ಕಟ್ಟಿಕೊಂಡ ರೇಣವ್ವ, ಅವಳ ಎದೆಗೆ ಒತ್ತಿಕೊಂಡ ಕೂಸು. ಹೊಸ್ತಿಲ ಹೊರಗೆ ನಿಂತಳು, ಫಕೀರವ್ವ ಅವತ್ತು ನಿಂತಿದ್ದ ಜಾಗದಲ್ಲೇ.

"ಅಕ್ಕಾ, ಅವತ್ತ ಸಾರಿಗೆ ಉಪ್ಪು ನಾನೂ ಹಾಕಿದ್ದೆ," ಎಂದಳು ನೀಲಗಂಗವ್ವ. "ಮನ್ಯಾಗ ಮೊದಲ ಹಾಕ್ಕೊಂಡು ಬಂದಿದ್ದೆ. ಬೀಗರ ಊಟ, ಎಲ್ಲಿ ನಿನ್ನ ಕೈ ತಪ್ಪತೈತೋ ಅಂತ ಹೆದರಿಕಿ."

ಆ ಊರಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಸ್ವಂತ ಗಡಿಗೆಗೆ ಸ್ವಂತ ಉಪ್ಪು ಹಾಕಿಕೊಳ್ಳುವುದೆಂದರೆ ಇಡೀ ಓಣಿಯ ಕೈಯನ್ನು ನಂಬದ ಹಾಗೆ. ಈ ಮಾತನ್ನು ಹೇಳಲಾರದೆ ಅವಳು ಇಷ್ಟು ದಿನ ಜಗಳವನ್ನು ಹೊತ್ತು ತಿರುಗಿದ್ದಳು, ಹೊರಲಾರದಾದಾಗ ನನ್ನ ಒಲೆಯೊಳಗೆ ಇಟ್ಟು ಚಿಲಕ ಹಾಕಿದ್ದಳು. ಎಲ್ಲರೂ ಫಕೀರವ್ವನ ಮುಖ ನೋಡಿದರು.

ಫಕೀರವ್ವ ಕಟ್ಟಿಗೆ ಮುಂದೆ ತಳ್ಳುತ್ತ, "ಗೊತ್ತಿತ್ತು ತಗೊ," ಎಂದಳು. "ನನ್ನ ಕೈ ಎಷ್ಟು ಹಾಕತೈತಿ ಅನ್ನೋದು ನನಗ ಗೊತ್ತಿಲ್ಲೇನ?"

"ಮತ್ತ ಯಾಕ ಸುಮ್ಮನಿದ್ದಿ?"

"ಬೀಗರ ಮುಂದ ಹೇಳಿದ್ರ ನಿನ್ನ ಮಗಳು ಆ ಮನ್ಯಾಗ ತಲಿ ಎತ್ತಿ ಬಾಳೇ ಮಾಡಬೇಕೋ ಬ್ಯಾಡೋ. ಬಾ ಒಳಗ. ಕೂಸಿನ್ನ ಇತ್ತ ಕೊಡು, ಗಾಳಿ ಬೀಸಾಕತ್ತೈತಿ."

ನೀಲಗಂಗವ್ವ ಹೊಸ್ತಿಲು ದಾಟಿ ಗಡಿಗೆ ಇಳಿಸಿ, ಅಲ್ಲೇ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಫಕೀರವ್ವ ಕುಡಿಕೆ ತೆಗೆದು ಮೊದಲು ಅವಳ ಗಡಿಗೆಗೆ ಉಪ್ಪು ಹಾಕಿದಳು, ಆಮೇಲೆ ಉಳಿದವರಿಗೆಲ್ಲ. ಆಮೇಲೆ ಬಚ್ಚಲಿನಲ್ಲಿ ಕಾಲು ಚಾಚಿ ಕೂತು, ಮೊಣಕೈಯಿಂದ ನೀರಿನ ಬಿಸಿ ನೋಡಿ, ಕೂಸಿನ ಎದೆಯ ಮೇಲೆ ಬೊಗಸೆ ಬೊಗಸೆಯಾಗಿ ಬಿಟ್ಟಳು. ಕೂಸು ಒಮ್ಮೆ ಜೋರಾಗಿ, ದನಿ ತುಂಬಿ ಅತ್ತಿತು. ಆ ದನಿ ಕೇಳಿ ರೇಣವ್ವ ನಕ್ಕಳು. ಬೆನ್ನಿಗೆ ನೀರು ಬೀಳುವ ಹೊತ್ತಿಗೆ ಅದು ನಿದ್ದೆ ಹೋಗಿತ್ತು. ನಾನು ಮುಖ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ, ಬಹಳ ಹೊತ್ತು ತೊಳೆದೆ.

ಇಲ್ಲಿಗೆ ಮುಗಿಯಿತು ಎಂದುಕೊಂಡು ಮಲಗಿದವನಿಗೆ ಬೆಳಗ್ಗೆ ಸೆಕೆಯಾಗಿ ಎಚ್ಚರವಾಯಿತು. ನನ್ನ ಕೋಣೆಯ ಮೂಲೆಯಲ್ಲಿ, ನಾನು ಒಂದು ದಿನವೂ ಹಚ್ಚಲಾಗದಿದ್ದ ಗೃಹಾಗ್ನಿಯಲ್ಲಿ, ಕೆಂಡ ಕೆಂಪಗೆ ಕೂತಿತ್ತು. ಬೇರೆ ಬಾಗಿಲಿದ್ದರೆ ಆ ಊರಿನ ಬೆಂಕಿಯ ಲೆಕ್ಕದಲ್ಲಿ ಅದು ಬೇರೆ ಮನೆ. ಸರದಿಯಲ್ಲಿ ಮುಂದಿನ ಮನೆ ನನ್ನದೇ ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಬಾಗಿಲು ತೆರೆದರೆ ಓಣಿಗೆ ಓಣಿಯೇ ಗಡಿಗೆ ಹಿಡಿದು ನಿಂತಿತ್ತು. ಮುದುಕರು ಆಗಲೇ ನನ್ನ ಮೆಟ್ಟಿಲು ಹಿಡಿದಿದ್ದರು. ಒಬ್ಬಳು ಒಳಗೆ ಬಂದು ನನ್ನ ಹಾಸಿಗೆ ಸುತ್ತಿ ಗೋಡೆಗೆ ಸರಿಸಿದಳು. ಒಂದು ಬಾಯಿಯ ಒಲೆಯನ್ನು ನೋಡಿ ಯಾರೂ ನಗಲಿಲ್ಲ, ರೂಢಿಯಾದವರಂತೆ ಸಾಲು ಹಚ್ಚಿದರು. ಆಗ ನೆನಪಾಯಿತು, ನನ್ನ ಹತ್ತಿರ ಉಪ್ಪಿಲ್ಲ. ಫಕೀರವ್ವನ ಕುಡಿಕೆಗೆ ಕೈ ಚಾಚಿದರೆ ಅವಳು ಕೊಡಲಿಲ್ಲ. ಆ ದಿನದ ಉಪ್ಪು ಆ ಮನೆಯದೇ ಆಗಬೇಕಂತೆ. ಲುಂಗಿಯಲ್ಲೇ ಅಂಗಡಿಗೆ ಓಡಿದೆ.

ಮೃದುಲಾ ಮೇಡಂ ಬಂದದ್ದು ಅದೇ ದಿನ. ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಒಂದು ಗೃಹಾಗ್ನಿಯ ಸುತ್ತ ಒತ್ತಿ ಕೂತ ಅಷ್ಟು ಜನರನ್ನೂ ನಡುವೆ ಉಪ್ಪಿನ ಪೊಟ್ಟಣ ಹಿಡಿದ ನನ್ನನ್ನೂ ನೋಡಿ ಅವರ ಕಣ್ಣುಗಳು ಒದ್ದೆಯಾದವು. ಫೋಟೋ ತೆಗೆದರು. ಬೆಂಕಿ ಹಿಡಿದಿಡುವುದನ್ನು ತೋರಿಸಿರಿ, ಚಿಲಕ ಹಾಕಿರಿ, ನಾಳೆ ಬೆಳಗ್ಗೆ ಅದು ಇಲ್ಲೇ ಇರುವುದನ್ನು ನೋಡಿಯೇ ಹೊರಡುತ್ತೇನೆ ಎಂದರು. ನೀಲಗಂಗವ್ವ ನನ್ನ ಕಡೆ ನೋಡಲಿಲ್ಲ, ತನ್ನ ಗಡಿಗೆ ನೋಡುತ್ತ ಕೂತಳು. ನನಗೆ ಆಗ ಆದದ್ದು ಧೈರ್ಯವೆಂದು ಹೇಳಿಕೊಳ್ಳಲಾರೆ. ಚಿಲಕದ ಮೇಲೆ ಕೈಯಿಟ್ಟು ಹೊರಗಡೆಗೆ ಎಳೆದೆ. ನಮ್ಮ ಕಂಪನಿಯ ಮಾಲು, ಒಂದೇ ಎಳೆತಕ್ಕೆ ಕೈಗೆ ಬಂತು. ಕೆಟ್ಟಿದೆ ಮೇಡಂ ಎಂದು ತುಂಡನ್ನು ಅವರ ಕೈಗೆ ಕೊಟ್ಟೆ.

ಅವರು ತುಂಡನ್ನು ತಿರುಗಿಸಿ ನೋಡಿದರು, ನನ್ನನ್ನೂ ನೋಡಿದರು. ಪ್ರಯೋಗ ನಿಂತಿತು, ಸಂಜೆಯ ಬಸ್ಸಿಗೆ ಇಬ್ಬರೂ ಹೊರಡೋಣ, ಮುಂದಿನದನ್ನು ಕಚೇರಿಯಲ್ಲಿ ಮಾತಾಡೋಣ ಎಂದಷ್ಟೇ ಹೇಳಿ ಹುಣಸೆಮರದ ಕಡೆಗೆ ನಡೆದರು. ಮುಂದಿನದು ಏನೆಂದು ನನಗೆ ಗೊತ್ತಿತ್ತು. ಈ ಸಲ ಭಾಷಣವೂ ಇರುವುದಿಲ್ಲ, ಚಪ್ಪಾಳೆಯೂ ಇರುವುದಿಲ್ಲ.

ನಾನು ಗಡಿಗೆಯಿಂದ ಗಡಿಗೆಗೆ ಹೋಗಿ ಉಪ್ಪು ಹಾಕಿದೆ. ಬೀಗರ ತಟ್ಟೆಯ ಕಥೆ ಕೇಳಿದವನಿಗೆ ಕೈ ಹೇಗೆ ಬಂದೀತು? ಎರಡು ಬೆರಳಿನ ತುದಿಯಲ್ಲಿ, ಕುಂಕುಮ ಇಡುವಷ್ಟು ಇಟ್ಟೆ. ಎಷ್ಟು ಹಾಕಲಿ ಎಂದು ಕೇಳಿದರೆ ಯಾರೂ ಹೇಳಲಿಲ್ಲ. ಅಡುಗೆಯೆಲ್ಲ ಇಳಿಯುವಾಗ ಸಂಜೆಯಾಗಿತ್ತು. ಕೋಣೆಯಲ್ಲಿ, ಮೆಟ್ಟಿಲಿನಲ್ಲಿ, ಓಣಿಯಲ್ಲಿ ಎಲ್ಲರೂ ಉಣ್ಣಲು ಕೂತರು, ನನ್ನ ತಟ್ಟೆಗೆ ಎಲ್ಲರ ಗಡಿಗೆಯಿಂದಲೂ ಒಂದೊಂದು ಸೌಟು ಬಂತು. ಬಾಯಿಗಿಟ್ಟೆ. ಒಂದಕ್ಕಿಂತ ಒಂದು ಸಪ್ಪೆ. ಓಣಿಯ ಅಷ್ಟೂ ಜನರ ಆ ದಿನದ ಊಟವನ್ನು ನಾನೊಬ್ಬನೇ ಕೆಡಿಸಿದ್ದೆ. ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು, ಯಾರೂ ತಟ್ಟೆ ಸರಿಸಲಿಲ್ಲ. ಹುಣಸೆಮರದ ಕಡೆಯಿಂದ ಬಸ್ಸಿನ ಹಾರ್ನ್ ಒಮ್ಮೆ ಕೇಳಿಸಿತು.

ನೀಲಗಂಗವ್ವ ಕೊನೆಯ ತುತ್ತು ನುಂಗಿ ಬೆರಳು ನೆಕ್ಕಿಕೊಂಡು, ಇಷ್ಟು ದಿನ ಸಾಹೇಬ್ರ ಎನ್ನುತ್ತಿದ್ದವಳು, "ಉಪ್ಪು ಸಾಲಲಿಲ್ಲ ತಮ್ಮಾ," ಎಂದಳು. "ಮುಂದಿನ ಸರ್ತಿ ಕೈ ಬಿಚ್ಚಿ ಹಾಕು."

ಹಾರ್ನ್ ಮತ್ತೊಮ್ಮೆ, ಉದ್ದಕ್ಕೆ ಕೇಳಿಸಿತು. ನಾನು ತಟ್ಟೆ ಮುಂದೆ ಚಾಚಿ ಇನ್ನೊಂದು ರೊಟ್ಟಿ ಕೇಳಿದೆ.